ದೊಡ್ಡಪ್ಪನ ಹಳದಿ ಬಾಟ್ಲಿ ಮತ್ತು ಡೇರಿಯ ಅಧ್ಯಕ್ಷಗಿರಿ

ನೀವು ಇದನ್ನು ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಹೇಳಿದಾಗ ನನ್ನ ಬೆಂಚಿನವರೇ ನಂಬಲಿಲ್ಲ. ಸೊರಬದ ಕಡೆಯಿಂದ ಬರುವ ಹುಡುಗಿಯೊಬ್ಬಳು "ಹೌದು ಮಾರಾಯ್ತಿ, ಅವತ್ತು ನಮ್ಮಲ್ಲಿ ಬೇಕರೀಲಿ ಬ್ರೆಡ್ಡೇ ಸಿಗ್ಲಿಲ್ಲ" ಅಂದ ಮೇಲೆ ಅರ್ಧ ನಂಬಿದರು. ಇನ್ನರ್ಧ ನಾನು ಎಳೆದು ಉದ್ದ ಮಾಡಿದ್ದು ಅಂತ ಅವರ ವಾದ. ಎಳೆಯುವುದು ನನಗೆ ಬರುತ್ತದೆ, ಸುಳ್ಳಲ್ಲ. ಆದರೆ ನಮ್ಮ ದೊಡ್ಡಪ್ಪನ ವಿಷಯದಲ್ಲಿ ಆ ಕಷ್ಟವನ್ನು ಅವರೇ ತೆಗೆದುಕೊಂಡಿದ್ದರು.

ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ. ತಾಳಗುಂದದಿಂದ ಸ್ವಲ್ಪ ಆಚೆ ನಮ್ಮ ಊರು. ಅಜ್ಜಿ, ದೊಡ್ಡಪ್ಪ, ದೊಡ್ಡವ್ವ, ನಾವು, ಎಲ್ಲ ಒಂದೇ ಮನೆ. ದೊಡ್ಡಪ್ಪನಿಗೆ ಗದ್ದೆ ಇತ್ತು, ಜೋಳದ ಹೊಲ ಇತ್ತು, ಎಮ್ಮೆಗಳಿದ್ದವು, ದೂರದಿಂದಲೇ ಕಾಣುವ ಮೀಸೆ ಇತ್ತು. ಇಲ್ಲದಿದ್ದದ್ದು ಹಾಲಿನ ಡೇರಿಯ ಅಧ್ಯಕ್ಷಗಿರಿ.

ನಮ್ಮೂರ ಡೇರಿಯನ್ನು ನೋಡಿದರೆ ನಿಮಗೆ ನಗು ಬರಬಹುದು. ಒಂದು ರೂಮು, ಸಾಲಾಗಿ ಕ್ಯಾನು, ಹಾಲಿನ ಫ್ಯಾಟು ಅಳೆಯುವ ಮಿಷನ್ನು, ಮೂಲೆಯಲ್ಲಿ ಬಿಳಿ ಟವೆಲ್ಲು ಹೊದ್ದ ತಿರುಗುವ ಕುರ್ಚಿ. ಡೈರೆಕ್ಟರುಗಳಿಗೆ ಪ್ಲಾಸ್ಟಿಕ್ ಕುರ್ಚಿ. ದೊಡ್ಡಪ್ಪ ಎಷ್ಟೋ ವರ್ಷದಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆ ಟವೆಲ್ಲನ್ನೇ ನೋಡುತ್ತಿದ್ದರು. "ಒಂದ್ ಸಲ ಅದ್ರಾಗೆ ಕುಂತು ಎದ್ರೆ ಸಾಕವಾ, ನಂಗೆ ಬ್ಯಾರೆ ಆಸೆ ಇಲ್ಲ" ಅಂತ ನನ್ನ ಹತ್ತಿರವೇ ಹೇಳಿದ್ದರು. ಕುಂತವರು ಯಾರೂ ಬೇಗ ಎದ್ದ ದಾಖಲೆ ನಮ್ಮೂರಲ್ಲಿಲ್ಲ, ಆ ಮಾತು ಬೇರೆ.

ನಮ್ಮೂರಲ್ಲಿ ಇದಕ್ಕೆಲ್ಲ ಓಟು ಹಾಕುವುದಿಲ್ಲ. ಓಟು ಅಂದರೆ ಮರ್ಯಾದೆ ಕಡಿಮೆ. ಡೇರಿಯವರೆಲ್ಲ ಒಂದು ಕಡೆ ಸೇರುತ್ತಾರೆ, ಮಾತಾಡುತ್ತಾರೆ, ಕೊನೆಗೆ ಊರಿಗೆ ಹಿರಿಯರಾದ ಮೇಲಿನಮನೆ ಅಜ್ಜ "ಆತು, ಇಂಥವ್ರು ಆಗ್ಲಿ" ಅನ್ನುತ್ತಾರೆ. ಅಲ್ಲಿಗೆ ಅವಿರೋಧ ಆಯ್ಕೆ. ಹಾಗಾಗಿ ಅಧ್ಯಕ್ಷರಾಗಬೇಕಾದವರು ಮಾಡಬೇಕಾದ ಪ್ರಚಾರ ಅಂದರೆ ಆ ದಿನ ಬರುವ ತನಕ ಅಧ್ಯಕ್ಷರ ಹಾಗೆ ಕಾಣಿಸುತ್ತಾ ಓಡಾಡುವುದು.

ಇಲ್ಲೇ ದೊಡ್ಡಪ್ಪ ಕೆಟ್ಟದ್ದು. ಹೋದ ಸಲದ ಮೀಟಿಂಗಿನಲ್ಲಿ ಸೆಕ್ರೆಟರಿ ಲೆಕ್ಕ ಓದುತ್ತಿದ್ದಾಗ ಇವರು ನಿದ್ದೆ ಹೋದರು. ಬರೀ ನಿದ್ದೆಯಾಗಿದ್ದರೆ ಪರವಾಗಿರಲಿಲ್ಲ, ಅದು ಡೈರೆಕ್ಟರುಗಳ ಪದ್ಧತಿ. ಇವರು ಗೊರಕೆ ಹೊಡೆದರು. ಸೆಕ್ರೆಟರಿ "ಎಲ್ರದೂ ಒಪ್ಪಿಗಿ ಐತಾ?" ಅಂತ ಕೇಳಿದ ಕ್ಷಣಕ್ಕೆ ಸರಿಯಾಗಿ ಎಂಥ ಗೊರಕೆ ಬಂತೆಂದರೆ ಅದನ್ನೇ ಒಪ್ಪಿಗೆ ಅಂತ ಬರೆದುಕೊಂಡರಂತೆ. ಬರೆದುಕೊಂಡದ್ದು ಮಾತ್ರ ನನ್ನ ಸೇರ್ಪಡೆ. ಗೊರಕೆ ಅಪ್ಪಟ ದೊಡ್ಡಪ್ಪನದು.

ಅಧ್ಯಕ್ಷಗಿರಿಗೆ ಆಸೆಪಟ್ಟಿದ್ದ ಇನ್ನೊಬ್ಬರೂ ಇದ್ದರು, ಗೊಬ್ಬರದಂಗಡಿಯವರು. ದೊಡ್ಡಪ್ಪನಿಗಿಂತ ಚಿಕ್ಕವರು. ಅವರು ದೊಡ್ಡಪ್ಪನನ್ನು ಒಂದು ದಿನವೂ ಬೈಯಲಿಲ್ಲ. ಚಹಾದಂಗಡಿಯಲ್ಲಿ ಕೂತು, "ಅಣ್ಣಂಗೆ ಮೊದ್ಲಿನ್ ಕಸು ಇಲ್ಲ ನೋಡ್ರಿ, ಪಾಪ. ಇಂಥ ಟೈಮಲ್ಲಿ ನಾವು ಅವ್ರ ಮ್ಯಾಲೆ ಭಾರ ಹಾಕ್ಬಾರ್ದು" ಅನ್ನುತ್ತಿದ್ದರು. ಬೈದಿದ್ದರೆ ದೊಡ್ಡಪ್ಪ ತಿರುಗಿ ಬೈಯಬಹುದಿತ್ತು. 'ಪಾಪ' ಅಂದರೆ ಏನು ಮಾಡುವುದು?

ದೊಡ್ಡಪ್ಪ ಮೀಸೆಗೆ ಬಣ್ಣ ಹಚ್ಚಿದರು. ಬೆಳಿಗ್ಗೆ ಎದ್ದು ಜನ ಓಡಾಡುವ ರಸ್ತೆಯಲ್ಲೇ ಬಿರುಸಾಗಿ ನಡೆದರು. ಅಂಟಿನುಂಡೆ ತಿಂದರು. ಅಂಟಿನುಂಡೆ ತಿಂದ ಮೇಲೆ ನಿದ್ದೆ ಇನ್ನೂ ಚೆನ್ನಾಗಿ ಬಂತು. ಹೀಗಿರುವಾಗ ಪೇಪರಿನ ನಡುವೆ ಸೊರಬದ ಒಂದು ಪ್ರಕೃತಿ ಚಿಕಿತ್ಸಾಲಯದ ಹ್ಯಾಂಡ್‌ಬಿಲ್ಲು ಬಂತು. 'ಸುಸ್ತೇ? ಹಗಲು ನಿದ್ದೆಯೇ? ರಕ್ತನಾಳದ ಮೂಲಕ ನೇರ ಪೋಷಕಾಂಶ!' ದೊಡ್ಡಪ್ಪ ನನ್ನನ್ನು ಹಿತ್ತಲಿಗೆ ಕರೆದರು.

ನನ್ನನ್ನೇ ಯಾಕೆ ಅಂದರೆ ನಾನು ಸೆಕೆಂಡ್ ಪಿಯುಸಿ ಸೈನ್ಸು. ನಮ್ಮ ಮನೆಯಲ್ಲಿ ಸೈನ್ಸ್ ತಗೊಂಡವರು ಅರ್ಧ ಡಾಕ್ಟರು. ದೊಡ್ಡವ್ವ ನನಗೆ ನಾಲಿಗೆ ತೋರಿಸುತ್ತಾರೆ, ಅಜ್ಜಿ ಮೊಣಕಾಲು ತೋರಿಸುತ್ತಾರೆ. ಎಮ್ಮೆ ಮೇವು ಬಿಟ್ಟಾಗಲೂ ನನ್ನನ್ನು ಕರೆದು ನಿಲ್ಲಿಸಿದ್ದರು. ನಾನೂ ಅದರ ಕಣ್ಣುರೆಪ್ಪೆ ಎತ್ತಿ ನೋಡಿ "ಹ್ಞೂಂ" ಅಂದಿದ್ದೆ. ಮಾರನೇ ದಿನ ಅದು ಮೇವು ತಿಂದಿತು. ಅಲ್ಲಿಂದ ನನ್ನ ಪ್ರಾಕ್ಟೀಸು ಜೋರಾಯಿತು.

"ಏನವಾ ಇದು, ನೇರ ಪೋಷಕಾಂಶ ಅಂದ್ರೆ?"

"ವಿಟಮಿನ್ನು ದೊಡ್ಡಪ್ಪಾ. ಬಿ, ಸಿ, ಮೆಗ್ನೀಸಿಯಮ್ಮು ಅಂತೆಲ್ಲ. ಬಾಯಾಗೆ ತಿನ್ನೋ ಬದ್ಲು ಸೀದಾ ನರಕ್ಕೆ ಬಿಡ್ತಾರೆ."

"ಶುಂಠಿಗೆ ಡ್ರಿಪ್ಪಾಗೆ ಗೊಬ್ಬರ ಬಿಟ್ಟಂಗೆ?"

"ಹಂಗೇ."

"ಮತ್ತೆ ಹಂಗ್ ಹೇಳು!" ದೊಡ್ಡಪ್ಪನ ಮುಖ ಅರಳಿತು.

"ಆದ್ರೆ ನಮ್ ಲೆಕ್ಚರರ್ ಹೇಳಿದಾರೆ, ಹೆಚ್ಚಾಗಿದ್ದೆಲ್ಲ ಉಚ್ಚೆನಾಗೆ ಹೋಗ್ತದಂತೆ."

"ಹೋಗೋದು ಹೋಗ್ಲಿ ಬಿಡು. ಶುಂಠಿ ಗೊಬ್ಬರನೂ ಅರ್ಧ ಕಾಲುವೆಗೇ ಹೋಗ್ತದೆ. ಬೆಳೆ ಬರಲ್ವಾ?"

ಶಿಕಾರಿಪುರದಲ್ಲಿ ಇಂಥದ್ದು ಸಿಕ್ಕಿದರೂ ಅಲ್ಲಿ ಪ್ರತಿ ಅಂಗಡಿಯವರಿಗೂ ದೊಡ್ಡಪ್ಪ ಗೊತ್ತು. ಸೊರಬವೇ ಸರಿ ಅಂತ ತೀರ್ಮಾನವಾಯಿತು. ಮನೆಯಲ್ಲಿ ಪಹಣಿ ತಿದ್ದಿಸಲಿಕ್ಕೆ ಶಿಕಾರಿಪುರಕ್ಕೆ ಅಂತ ಹೇಳಿ, ಸೊರಬದ ಬಸ್ಸು ಹತ್ತಿದೆವು. ಗುರುತು ಸಿಗಬಾರದೆಂದು ದೊಡ್ಡಪ್ಪ ಮಾಸ್ಕು ಹಾಕಿಕೊಂಡು, ತಲೆಗೆ ಮಫ್ಲರು ಸುತ್ತಿಕೊಂಡಿದ್ದರು. ಬಿಸಿಲು ಸುಡುತ್ತಿತ್ತು. ಮಾಸ್ಕಿನ ಎರಡೂ ಕಡೆಯಿಂದ ಬಣ್ಣ ಹಚ್ಚಿದ ಮೀಸೆ ಹೊರಗೆ ಬಂದಿತ್ತು. ಶಿರಾಳಕೊಪ್ಪ ಬರುವಷ್ಟರಲ್ಲಿ ಬಸ್ಸಿನ ಅರ್ಧ ಜನ "ಏನ್ ಯಜಮಾನ್ರೇ, ಮೈಯಾಗೆ ಹುಷಾರಿಲ್ವಾ?" ಅಂತ ಕೇಳಿ ಆಗಿತ್ತು. ಬರೀ ಮುಖದಲ್ಲಿ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಚಿಕಿತ್ಸಾಲಯ ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು. ಬೋರ್ಡಿನಲ್ಲಿ 'ಔಷಧಿ ಇಲ್ಲ' ಅಂತ ದೊಡ್ಡದಾಗಿ ಬರೆದಿತ್ತು. ಅದರ ಮುಂದೆ ಇನ್ನೇನೋ ಬರೆದಿದ್ದಕ್ಕೆ ಬಿಳಿ ಬಣ್ಣ ಬಳಿದಿದ್ದರು. ಬಿಸಿಲಿಗೆ ಬಣ್ಣದ ಒಳಗಿನಿಂದ 'ಸೂಜಿ ಇಲ್ಲ' ಅನ್ನುವುದು ಚೆನ್ನಾಗಿಯೇ ಕಾಣುತ್ತಿತ್ತು.

ಡಾಕ್ಟರು ಎಳೆಯ ವಯಸ್ಸಿನವರು, ಸಣ್ಣಗಿದ್ದರು, ಬಿಳಿ ಜುಬ್ಬಾ. ನಾನು ಸೈನ್ಸು ಅಂತ ಗೊತ್ತಾದ ಕೂಡಲೇ ತಮ್ಮ ಕಷ್ಟವನ್ನೆಲ್ಲ ನನ್ನ ಮುಂದೆ ಹೇಳಿಕೊಂಡರು. "ನಾನು ಶುರು ಮಾಡಿದ್ದು ಮಣ್ಣಿನ ಪಟ್ಟಿ, ಉಪವಾಸ, ನಿಂಬೆಹಣ್ಣಿನ ನೀರು, ಇಷ್ಟೇ. ಜನ ಏನ್ ಅಂದ್ರು ಗೊತ್ತಾ? ಮೈಗೆ ಮಣ್ಣು ಮೆತ್ಕಳಕ್ಕೆ ನಿಮ್ಮಲ್ಲಿಗ್ ಯಾಕ್ ಬರ್ಬೇಕು ಮಾರಾಯ್ರೆ, ನಾವು ಗದ್ದೆಯಿಂದ ಬರೋದೇ ಹಂಗೆ! ಉಪವಾಸ ಮಾಡಿ ಅಂದ್ರೆ, ಅದನ್ನ ಮನೇಲೇ ಮಾಡ್ತೀವಿ, ಊಟ ಹಾಕೋ ಡಾಕ್ಟ್ರು ಯಾರಾದ್ರೂ ಇದ್ರೆ ಹೇಳಿ ಅಂತಾರೆ. ಬಾಟ್ಲಿ ನೇತು ಹಾಕ್ದೇ ಇದ್ರೆ ಅದು ಆಸ್ಪತ್ರೆನೇ ಅಲ್ಲ ಇಲ್ಲಿ. ಕೊನೆಗೆ ಪ್ರಕೃತಿನೇ ಬಾಟ್ಲೀಲಿ ತುಂಬಿದೆ."

ಬಿಪಿ, ಶುಗರು ನೋಡಿದರು, ಕಿಡ್ನಿ ತೊಂದರೆ ಇದೆಯಾ ಕೇಳಿದರು. ಹಣೆಗೆ ಮಣ್ಣಿನ ಪಟ್ಟಿ ಹಾಕಿ ಸ್ವಲ್ಪ ಹೊತ್ತು ಕೂರಿಸಿದರು. ಆಮೇಲೆ ಮಂಚ ತೋರಿಸಿದರು. ಮಂಚ ಇದ್ದದ್ದು ಮುಂದಿನ ಕೋಣೆಯಲ್ಲಿ, ರಸ್ತೆ ಕಡೆಯ ದೊಡ್ಡ ಗಾಜಿಗೆ ಅಂಟಿಕೊಂಡು. ದೊಡ್ಡಪ್ಪ ಬೆಚ್ಚಿದರು.

"ಡಾಕ್ಟ್ರೇ, ಒಳಗೆ ಎಲ್ಲಾರ ಹಾಕ್ರಿ. ಇಲ್ಲಿ ಜನ ನೋಡ್ತಾರೆ."

"ನೋಡ್ಲಿ ಅಂತ್ಲೇ ಇಲ್ಲಿ ಹಾಕಿರೋದು. ಒಳಗೆ ಮಲಗ್ಸಿದ್ರೆ ನಾನ್ ಏನ್ ಮಾಡ್ತೀನಿ ಅಂತ ಜನಕ್ಕೆ ಹೆಂಗ್ ಗೊತ್ತಾಗ್ಬೇಕು?"

"ಪರದೇನಾರ ಎಳೀರಿ."

"ಪರದೆ ಒಗೆಯಕ್ಕೆ ಹೋಗಿದೆ."

ಬಾಟ್ಲಿಯ ಬಣ್ಣ ನೀವು ನೋಡಬೇಕಿತ್ತು. ಬಿ ವಿಟಮಿನ್ನು ಬೆರೆಸಿದ ಕೂಡಲೇ ಅರಿಸಿನ ಕದಡಿದ ನೀರಿನ ಹಾಗೆ ಆಯಿತು. ಮಧ್ಯಾಹ್ನದ ಬಿಸಿಲು ಗಾಜಿನಿಂದ ಬಂದು ಅದರ ಮೇಲೆ ಬಿದ್ದು, ಬಸ್‌ಸ್ಟ್ಯಾಂಡಿನ ಆ ತುದಿಗೂ ಹೊಳೆಯುತ್ತಿತ್ತು. ಸೂಜಿ ಚುಚ್ಚಿ ಸ್ವಲ್ಪ ಹೊತ್ತಿಗೆ ದೊಡ್ಡಪ್ಪ "ಉರೀತದ್ರೀ" ಅಂದರು. ಡಾಕ್ಟರು ಹನಿ ನಿಧಾನ ಮಾಡಿದರು. ಮತ್ತೆ ಉರಿ ಅಂದರು, ಇನ್ನೂ ನಿಧಾನ ಮಾಡಿದರು. ಕೊನೆಗೆ ಹನಿ ಬೀಳುತ್ತದೋ ಇಲ್ಲವೋ ಅಂತ ನೋಡುವುದೇ ನನಗೆ ಕೆಲಸವಾಯಿತು. ಅಷ್ಟು ನಿಧಾನ ಮಾಡದಿದ್ದರೆ ನಾವು ಮುಗಿಸಿಕೊಂಡು ಮೂರು ಗಂಟೆ ಬಸ್ಸಿಗೆ ವಾಪಸು ಬರುತ್ತಿದ್ದೆವು, ನನಗೆ ಬರೆಯಲು ಏನೂ ಇರುತ್ತಿರಲಿಲ್ಲ.

ನಮ್ಮೂರಿಂದ ಸೊರಬಕ್ಕೆ ಮದುವೆಯಾಗಿ ಹೋದ ಅಕ್ಕ ಒಬ್ಬರಿದ್ದಾರೆ. ಅವರು ತರಕಾರಿ ಚೀಲ ಹಿಡಿದು ಆ ಕಡೆ ಹೋಗುತ್ತಿದ್ದರು. ಗಾಜಿನ ಆಚೆ ನಿಂತರು, ಬಾಟ್ಲಿ ನೋಡಿದರು, ಬಾಟ್ಲಿಯ ಪೈಪು ಎಲ್ಲಿಗೆ ಹೋಗುತ್ತದೆ ಅಂತ ನೋಡಿದರು, ಮೀಸೆ ನೋಡಿದರು. ಚೀಲ ಅಲ್ಲೇ ಬಿತ್ತು.

"ಅಯ್ಯೋ ನಮ್ ದೊಡ್ಡಪ್ಪಾ! ಏನಾಗೋಯ್ತು ನಿಮ್ಗೆ?" ಅಂತ ಒಳಗೆ ಬಂದವರು ನನ್ನ ಕಡೆ ತಿರುಗಿ, "ಏನಂದ್ರು ಡಾಕ್ಟ್ರು? ಕೈ ಬಿಟ್ರೇನೇ?" ಅಂದರು.

"ನಂಗೇನೂ ಆಗಿಲ್ಲವಾ" ಅಂದರು ದೊಡ್ಡಪ್ಪ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ತುಂಬಾ ಕಾಯಿಲೆಯಾದವರು ಹಾಗೇ ಹೇಳುತ್ತಾರಂತೆ. ಹೊರಗೆ ಹೋಗಿ ಫೋನು ತೆಗೆದರು.

ನಮ್ಮ ಕಡೆ ಯಾರಿಗಾದರೂ ಬಾಟ್ಲಿ ಹಾಕಿದ್ದಾರೆ ಅಂತ ಗೊತ್ತಾದರೆ ನೋಡಲು ಹೋಗಲೇಬೇಕು. ಮದುವೆಗೆ ಹೋಗದಿದ್ದರೆ ಕ್ಷಮಿಸಬಹುದು, ಬಾಟ್ಲಿಗೆ ಹೋಗದಿದ್ದರೆ ಮೊಮ್ಮಕ್ಕಳ ಕಾಲದ ತನಕ ಆಡಿಕೊಳ್ಳುತ್ತಾರೆ. ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಒಂದು ಬ್ರೆಡ್ಡು, ಎಳನೀರು, ಸ್ವಲ್ಪ ಅನುಕೂಲಸ್ಥರಾದರೆ ಮೋಸಂಬಿ. ಹೋಗಿ ಮಂಚದ ತುದಿಗೆ ಕೂತು, ಇಂಥದ್ದೇ ಆಗಿ ತೀರಿಕೊಂಡವರನ್ನೆಲ್ಲ ನೆನೆಸಿಕೊಂಡು ರೋಗಿಗೆ ಧೈರ್ಯ ಹೇಳಬೇಕು.

ಮೊದಲು ಆ ಅಕ್ಕನ ಅತ್ತೆ ಮಾವ ಬಂದರು, ಬ್ರೆಡ್ಡು. ಶಿರಾಳಕೊಪ್ಪದ ಸಂತೆಗೆ ಬಂದಿದ್ದ ನಮ್ಮೂರವರು ಸಂತೆ ಬಿಟ್ಟು ಬಂದರು, ಬ್ರೆಡ್ಡು, ಎಳನೀರು. ಆನವಟ್ಟಿಗೆ ಹೋಗುತ್ತಿದ್ದವರು ಬೈಕು ತಿರುಗಿಸಿಕೊಂಡು ಬಂದರು, ಬ್ರೆಡ್ಡು. ಸ್ವಲ್ಪ ಹೊತ್ತಿಗೆ ಊರಿಂದ ಒಂದು ಟೆಂಪೋ ಪೂರ್ತಿ ಬಂತು. ಅದರಲ್ಲಿ ಡೇರಿಯ ಡೈರೆಕ್ಟರುಗಳು, ಸೆಕ್ರೆಟರಿ, ಮೇಲಿನಮನೆ ಅಜ್ಜ, ಎಲ್ಲರೂ ಇದ್ದರು. ಮಂಚದ ಕೆಳಗೆ ಬ್ರೆಡ್ಡು ಇಟ್ಟು ಇಟ್ಟು ಜಾಗ ಮುಗಿದು, ದೊಡ್ಡಪ್ಪನ ಕಾಲ ಬಳಿ ಗೋಡೆ ಕಟ್ಟಿದ ಹಾಗೆ ಪೇರಿಸಿದರು. ನಮ್ಮ ಡಾಕ್ಟರು ಆ ಗೋಡೆಯನ್ನು ನೋಡಿ ಅಳುವುದೊಂದು ಬಾಕಿ. "ಮೈದಾ ಕಣ್ರೀ! ಇದು ವಿಷ! ನನ್ ಚಿಕಿತ್ಸಾಲಯದೊಳಗೆ ಮೈದಾ!" ಅಂತ ಕೂಗಿದರು. ಯಾರೋ ಒಂದು ಪ್ಯಾಕೆಟ್ಟು ಒಡೆದು ಅವರ ಕೈಗೂ ಎರಡು ಪೀಸು ಕೊಟ್ಟರು.

"ಕಾಯ್ಲೆ ಏನಂತವಾ?" ಅಂತ ಒಬ್ಬರು ನನ್ನನ್ನು ಕೇಳಿದರು.

"ಕಾಯ್ಲೆ ಅಲ್ಲ ಮಾವಾ, ವಿಟಮಿನ್ನು."

"ನೋಡ್ರಪ, ಮನ್ಯಾಗಿನ ಹುಡುಗಿಗೂ ಹೇಳಿಲ್ಲ" ಅಂತ ಅವರು ಹಿಂದಿನವರಿಗೆ ಹೇಳಿದರು.

ದೊಡ್ಡಪ್ಪ ಎಷ್ಟು ಸಲ 'ಏನೂ ಆಗಿಲ್ಲ' ಅಂದರೋ ಅಷ್ಟೂ ಸಲ ಜನರ ಕಣ್ಣು ತುಂಬಿ ಬಂತು. ಪಕ್ಕದ ಹೊಲದವರಂತೂ ಅವರ ಕಾಲು ಹಿಡಿದುಕೊಂಡು, "ಅಣ್ಣಾ, ಮನಸ್ನಾಗೆ ಇಟ್ಕಂಡು ಕಳಿಸ್ಬಾರ್ದು ನಿನ್ನ. ಆ ಬದು ನಿನ್ ಹೊಲದ ಕಡೆಗೆ ಒತ್ತಿದ್ದು ನಾನೇ. ಮಳೆ ಅಲ್ಲ" ಅಂದುಬಿಟ್ಟರು. ದೊಡ್ಡಪ್ಪ ಸಿಟ್ಟಿಗೆ ಎದ್ದು ಕೂರಲು ಹೋದರು, ಸೂಜಿ ಎಳೆಯಿತು, "ಅಬ್ಬಾ" ಅಂತ ಮಲಗಿದರು. ನಾಲ್ಕು ಜನ ಜೋರಾಗಿ ಅತ್ತರು.

ಆಗ ಗೊಬ್ಬರದಂಗಡಿಯವರು ಬಂದರು. ಅವರದು ಬ್ರೆಡ್ಡಲ್ಲ, ದ್ರಾಕ್ಷಿ ಗೊಂಚಲು. ಇಸ್ತ್ರಿ ಮಾಡಿದ ಬಿಳಿ ಅಂಗಿ. ದೊಡ್ಡಪ್ಪನ ಸೂಜಿ ಇಲ್ಲದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಾತು ಮಾತ್ರ ಮೇಲಿನಮನೆ ಅಜ್ಜನಿಗೆ ಕೇಳುವ ಹಾಗೆ ಆಡಿದರು.

"ಅಣ್ಣಾ, ನೀವು ಅರಾಮ್ ಮಲಗ್ರಿ. ಡೇರಿ ಚಿಂತಿ ಬಿಟ್‌ಬಿಡ್ರಿ. ನಾವು ಹುಡುಗ್ರು ಅದೀವಲ್ಲ, ಭಾರ ನಾವ್ ಹೊರ್ತೀವಿ. ನೀವು ಮ್ಯಾಲೆ... ಅಲ್ಲ, ಮನ್ಯಾಗೆ ಕುಂತು ಆಶೀರ್ವಾದ ಮಾಡ್ರಿ."

ಡೈರೆಕ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ಆಡಿಸಿದರು. ಮೇಲಿನಮನೆ ಅಜ್ಜ ಗಂಟಲು ಸರಿ ಮಾಡಿಕೊಂಡರು. ಆ ಗಂಟಲಿನ ಅರ್ಥ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ದೊಡ್ಡಪ್ಪ ನನ್ನನ್ನು ನೋಡಿದರು. ಅಷ್ಟು ವರ್ಷ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರ ಮುಖ ಹೇಗಿರುತ್ತದೆ ಅಂತ ನಾನು ಅವತ್ತೇ ಸರಿಯಾಗಿ ನೋಡಿದ್ದು.

ಅರ್ಧ ಡಾಕ್ಟರು ಸುಮ್ಮನಿರಬಾರದು ಅನ್ನಿಸಿತು. ನಾನು ಸ್ಟೂಲು ಹತ್ತಿ ನಿಂತೆ.

"ಎಲ್ರೂ ಸ್ವಲ್ಪ ಕೇಳ್ರಿ! ಕಾಯ್ಲೆ ಬಾಟ್ಲಿ ಯಾವ ಬಣ್ಣ ಇರ್ತದೆ?"

"ನೀರಿನ್ ಬಣ್ಣ" ಅಂದರು ಯಾರೋ.

"ಇದು?"

ಎಲ್ಲರೂ ಬಾಟ್ಲಿ ನೋಡಿದರು.

"ಇದು ತಾಕತ್ತಿನ್ ಬಾಟ್ಲಿ. ಕ್ರಿಕೆಟ್ ಆಡೋರು ಮ್ಯಾಚಿಗ್ ಮುಂಚೆ ಹಾಕ್ಸ್ಕಂತಾರೆ. ಸಿನಿಮಾದೋರು ಫೈಟಿಂಗಿಗ್ ಮುಂಚೆ ಹಾಕ್ಸ್ಕಂತಾರೆ. ಕಾಯ್ಲೆ ಇದ್ದೋರಿಗೆ ಇದನ್ನ ಮುಟ್ಟಕ್ಕೂ ಬಿಡಲ್ಲ. ಹೌದಲ್ವಾ ಡಾಕ್ಟ್ರೇ?"

ಡಾಕ್ಟರ ಬಾಯಲ್ಲಿ ಬ್ರೆಡ್ಡಿತ್ತು. ತಲೆ ಆಡಿಸಿದರು.

"ಎದ್ದೇಳ್ರಿ ದೊಡ್ಡಪ್ಪಾ" ಅಂದೆ.

ದೊಡ್ಡಪ್ಪ ಎದ್ದರು. ನಾನು ಬಾಟ್ಲಿಯನ್ನು ಕೊಕ್ಕೆಯಿಂದ ಬಿಚ್ಚಿ ತಲೆಯ ಮೇಲೆ ಎತ್ತಿ ಹಿಡಿದೆ. ಅವರು ಮುಂದೆ, ನಾನು ಹಿಂದೆ, ದೇವರ ಛತ್ರಿ ಹಿಡಿದವರ ಹಾಗೆ ಆ ಕೋಣೆಯಲ್ಲಿ ಸುತ್ತಿದೆವು. ಅವರು ಒಬ್ಬೊಬ್ಬರ ಮುಂದೆ ನಿಂತು ಮೀಸೆ ತಿರುವುತ್ತಾ ಮಾತಾಡಿಸಿದರು.

"ಏನಪಾ, ನಿನ್ ಕರಿ ಎಮ್ಮಿ ಈದ್ತಾ? ಇನ್ನೂ ಇಲ್ಲ? ನಿನ್ ಮಗ ಬೆಳಿಗ್ಗಿ ಹಾಲಿಗೆ ನೀರ್ ಹಾಕ್ತಾನೆ, ಸಂಜಿ ಹಾಲು ಚಲೋ ಇರ್ತದೆ, ಯಾಕಂದ್ರೆ ಸಂಜಿ ತರೋದು ನಿನ್ ಹೆಂಡ್ತಿ. ಗೊತ್ತಿಲ್ಲ ಅನ್ಕಂಡ್ಯಾ ನಂಗೆ?"

ಜನ ನಕ್ಕರು. ದಿನಾ ಹಾಲು ಅಳೆಯುವ ಸೆಕ್ರೆಟರಿ ಬೆಚ್ಚಿ ನಿಂತರು. ದೊಡ್ಡಪ್ಪ ಯಾರ ಮನೆಯ ಹಾಲು ಹೇಗೆ, ಯಾರ ಹಸು ಯಾವ ಮೇವಿಗೆ ಫ್ಯಾಟು ಏರಿಸುತ್ತದೆ, ಎಲ್ಲ ಬಾಯಿಪಾಠ ಹೇಳಿದರು. ಗೊಬ್ಬರದಂಗಡಿಯವರ ಮುಂದೆ ಬಂದು ನಿಂತು, "ನಿಮ್ಮನೆ ಹಾಲು ನಾನ್ ಹೇಳಂಗಿಲ್ಲ ಬಿಡಪಾ. ಪಾಪ" ಅಂದರು.

ಅಲ್ಲಿದ್ದವರೆಲ್ಲ ಗೊಳ್ಳೆಂದರು. ನನ್ನ ಕೈ ಸೋತು ಬರುತ್ತಿತ್ತು, ಬಿಡಲಿಲ್ಲ. ಯಾರೋ ಡಾಕ್ಟರ ಹತ್ತಿರ ಹೋಗಿ "ಈ ಹಳದಿದು ನಂಗೂ ಒಂದ್ ಹಾಕ್ತೀರಾ?" ಅಂತ ಕೇಳಿದ್ದೂ ಕೇಳಿಸಿತು. ಮೇಲಿನಮನೆ ಅಜ್ಜ ನಗುತ್ತಾ ಕಣ್ಣೊರೆಸಿಕೊಂಡು, "ಏ, ಗಟ್ಟಿ ಅದಾನ್ರಪಾ ಇವನು. ನನ್ ಮಾತೇನಂದ್ರೆ, ಈ ಸಲ ಡೇರಿಗೆ..." ಅಂತ ಶುರು ಮಾಡಿದರು.

ಬಾಗಿಲು ತೆರೆಯಿತು. ಅಜ್ಜಿ ಒಳಗೆ ಬಂದರು.

ಅಜ್ಜಿ, ಅಂದರೆ ದೊಡ್ಡಪ್ಪನ ಅವ್ವ. ಊರು ಬಿಟ್ಟು ಬರುವವರಲ್ಲ. ಹೊರಗೆ ಗೊಬ್ಬರದಂಗಡಿಯ ಲಗೇಜ್ ಆಟೋ ನಿಂತಿತ್ತು. ಹೆತ್ತವ್ವನಿಗೆ ಒಂದು ಸಲ ಮಗನ ಮುಖ ತೋರಿಸೋಣ ಅಂತ ಅಂಗಡಿಯವರೇ ಕಳಿಸಿದ್ದರಂತೆ. ಎಂಥ ಒಳ್ಳೆಯ ಮನಸ್ಸು ನೋಡಿ.

ಜನ ದಾರಿ ಬಿಟ್ಟರು. ಅಜ್ಜಿ ಮಗನನ್ನು ನೋಡಲಿಲ್ಲ, ನನ್ನ ಕೈಯಲ್ಲಿದ್ದ ಬಾಟ್ಲಿಯನ್ನೇ ನೋಡಿದರು.

"ಅವ್ವಾ, ಏನಿಲ್ಲವ್ವಾ. ಕಾಯ್ಲೆದಲ್ಲ ಇದು. ತಾಕತ್ತಿಗೆ ಹಾಕಿದ್ದು" ಅಂದರು ದೊಡ್ಡಪ್ಪ.

"ನಿಮ್ಮಪ್ಪಂಗೂ ತಾಕತ್ತಿಗೇ ಅಂದಿದ್ರು" ಅಂದರು ಅಜ್ಜಿ. "ಒಂದ್ ಬಾಟ್ಲಿ ಹಾಕಿದ್ರೆ ಎದ್ ಕುಂದ್ರತಾರೆ ಅಂದ್ರು. ನಾನು ರೊಟ್ಟಿ ಬುತ್ತಿ ಕಟ್ಕಂಡು ಹೋದೆ. ಬುತ್ತಿ ಹಂಗೇ ವಾಪಸ್ ತಂದೆ."

ನಗುತ್ತಿದ್ದವರೆಲ್ಲ ನೆಲ ನೋಡಿದರು. ನಮ್ಮ ಅಜ್ಜ ಹೋದದ್ದು ನಾನು ಹುಟ್ಟುವ ಮೊದಲು, ಇದನ್ನು ನನಗೆ ಯಾರೂ ಹೇಳಿರಲಿಲ್ಲ.

"ಯಾತಕ್ ಬೇಕಾತು ನಿಂಗೆ ತಾಕತ್ತು?"

ದೊಡ್ಡಪ್ಪ ಮೀಸೆಯಿಂದ ಕೈ ತೆಗೆದರು. ಮೇಲಿನಮನೆ ಅಜ್ಜನೇ ಮೆಲ್ಲಗೆ "ಡೇರಿಗಮ್ಮಾ. ಇವ್ನೇ ಅಧ್ಯಕ್ಷ ಆಗ್ಲಿ ಅಂತ..." ಅಂದರು.

"ಬ್ಯಾಡ." ಅಜ್ಜಿಯ ದನಿ ಏರಲೇ ಇಲ್ಲ. "ಸೂಜಿ ಚುಚ್ಚಿಸ್ಕಂಡು ಮಾಡೋ ಅಂಥ ಕೆಲ್ಸ ನನ್ ಮಗಂಗೆ ಬ್ಯಾಡ. ಅವ್ನ ಹೆಸ್ರು ತೆಗೀರಿ." ಗೊಬ್ಬರದಂಗಡಿಯವರ ಕಡೆ ತಿರುಗಿ, "ನೀನೇ ಮಾಡಪಾ. ನೀನು ವಯಸ್ಸಿನೋನು" ಅಂದರು. ಅವರು ಕೈ ಮುಗಿದರು, ಆ ಕ್ಷಣಕ್ಕೆ ನಿಜವಾಗಿಯೇ ಮುಗಿದರು ಅಂತ ಕಾಣುತ್ತದೆ. ಆಮೇಲೆ ಅಜ್ಜಿ ಡಾಕ್ಟರಿಗೆ, "ಬಿಚ್ಚು ಇದನ್ನ" ಅಂದರು.

"ಅಜ್ಜೀ, ಇನ್ನೂ ಕಾಲು ಭಾಗ ಇದೆ, ಅದು ಮುಗಿದ್..."

"ಬಿಚ್ಚಪಾ."

ಡಾಕ್ಟರು ಬಿಚ್ಚಿದರು. ಹತ್ತಿ ಒತ್ತಿ, ಕೈ ಮಡಚಿ ಹಿಡಿಯಲು ಹೇಳಿದರು. ದೊಡ್ಡಪ್ಪ ಒಂದು ಸಲ ಮೇಲಿನಮನೆ ಅಜ್ಜನನ್ನು ನೋಡಿದರು, ಒಂದು ಸಲ ಡೈರೆಕ್ಟರುಗಳನ್ನು ನೋಡಿದರು. ಯಾರಾದರೂ ಒಂದು ಮಾತು ಆಡುತ್ತಾರೇನೋ ಅಂತ. ಅವರೆಲ್ಲ ಬ್ರೆಡ್ಡಿನ ಗೋಡೆ ನೋಡುತ್ತಿದ್ದರು. ಅವರ ಅವ್ವ ಆಗಲೇ ಬಾಗಿಲ ಹತ್ತಿರ ಹೋಗಿ, ಹಿಂದೆ ತಿರುಗದೇ, ಕಾಯುತ್ತಾ ನಿಂತಿದ್ದರು.

"ಆತವ್ವಾ" ಅಂದರು ದೊಡ್ಡಪ್ಪ. ಮಡಚಿದ ಕೈಯನ್ನು ಎದೆಗೆ ಒತ್ತಿಕೊಂಡು ಅವರ ಹಿಂದೆ ನಡೆದರು.